ಕಷ್ಟ, ಛಲ, ಬೀದಿ: ನಮ್ಮ ಕಡೆಯ ರ‍್ಯಾಪ್ ಸಾಹಿತ್ಯ ಎಲ್ಲಿ ಸೋಲುತ್ತಿದೆ, ಹೇಗೆ ಸರಿಮಾಡಬಹುದು?

ಲಘುಗುರು:
ಮೈಸೂರು, ಮಂಡ್ಯ ಕಡೆಯವರ ರ‍್ಯಾಪ್ ಹಾಡುಗಳಲ್ಲಿ ದನಿ ಇದೆ, ಉಸಿರಿದೆ, ಬೀಟೂ ಚೆನ್ನಾಗಿರುತ್ತದೆ. ಸೋಲುತ್ತಿರುವುದು ಸಾಹಿತ್ಯ. ಹತ್ತು ಹಾಡು ಕೇಳಿದರೆ ಹತ್ತರಲ್ಲೂ ಅದೇ ನೋವು, ಅದೇ ಗಲ್ಲಿ, ಅದೇ ದ್ವೇಷಿಗಳು, ಅದೇ ಅಮ್ಮನ ಕಣ್ಣೀರು. ಕೆಳಗಿನ ನಾಲ್ಕು ಸಾಲು ಯಾರ ಹಾಡಿನದೂ ಅಲ್ಲ, ರೋಗ ತೋರಿಸಲೆಂದು ಕಟ್ಟಿದ್ದು:

ನಾನು ತುಂಬಾ ಕಷ್ಟಪಟ್ಟು ಮೇಲೆ ಬರ್ತೀನಿ
ನನ್ನ ದ್ವೇಷಿಗಳ ಮುಂದೆ ಎದ್ದು ನಿಲ್ತೀನಿ
ಗಲ್ಲಿಯಿಂದ ಬಂದವನು ನಾನು ಗೆಲ್ತೀನಿ
ಅಮ್ಮನ ಕಣ್ಣೀರು ನಾನು ಒರೆಸ್ತೀನಿ

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದನ್ನು ಮುಂಬಯಿಯ ಧಾರಾವಿಯವನೂ ಹಾಡಬಹುದು, ದಾವಣಗೆರೆಯವನೂ ಹಾಡಬಹುದು. ಮದ್ದೂರಿನವನೇ ಯಾಕೆ ಹಾಡಬೇಕು ಅನ್ನುವುದಕ್ಕೆ ಸಾಲಿನೊಳಗೆ ಉತ್ತರ ಇಲ್ಲ. ಗೊತ್ತಿರುವವರು ಒಂದೊಂದಾಗಿ ಬಿಡಿಸಿ ಬರೆಯಿರಿ. ಕಷ್ಟವನ್ನು ಹೇಗೆ ತೋರಿಸುವುದು, ಕನ್ನಡದ ಮಾತ್ರೆಯನ್ನು ಬೀಟಿನ ಮೇಲೆ ಹೇಗೆ ಕೂರಿಸುವುದು, ನಮ್ಮ ಬೀದಿ ಅಂದರೆ ಯಾವುದು, ಈ ಮೂರೂ ಬರಲಿ.

ಕಬ್ಬಿನಗರಿ:
ಮೊದಲನೆಯದಕ್ಕೆ ಉತ್ತರ. 'ಕಷ್ಟ' ಅನ್ನುವ ಪದವನ್ನೇ ಹೊಡೆದುಹಾಕಿ. ಅದರ ಜಾಗಕ್ಕೆ ಒಂದು ವಸ್ತು, ಒಂದು ಅಂಕಿ, ಅದರಿಂದಾದ ಒಂದು ಪರಿಣಾಮ ತನ್ನಿ.

ಮಂಡ್ಯದ ಉದಾಹರಣೆಯನ್ನೇ ತೆಗೆದುಕೊಳ್ಳಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತೆಗೆದುಕೊಂಡ 14 ದಿನದೊಳಗೆ ಕಾರ್ಖಾನೆ ರೈತನಿಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಿ ಕೊಡಬೇಕು. ಈಗ ದುಡ್ಡು ಬರಲು ಆರು ತಿಂಗಳಾದ ಮನೆಯೊಂದನ್ನು ಕಣ್ಮುಂದೆ ತಂದುಕೊಳ್ಳಿ. 14 ದಿನ ಒಂದು ಕಡೆ, ಆರು ತಿಂಗಳು ಇನ್ನೊಂದು ಕಡೆ. ನೋವು ಅಂತ ಬಾಯಲ್ಲಿ ಹೇಳಬೇಕಾಗಿಯೇ ಇಲ್ಲ, ಎರಡು ಅಂಕಿ ಪಕ್ಕಪಕ್ಕ ನಿಂತರೆ ಕೇಳುವವನೇ ಲೆಕ್ಕ ಹಾಕಿಕೊಳ್ಳುತ್ತಾನೆ.

ಎಚ್ಚರ ಇರಬೇಕಾದದ್ದು ಇಲ್ಲಿ: ಅಂಕಿ ತಪ್ಪಾದರೆ ಇಡೀ ಹಾಡು ಬೀಳುತ್ತದೆ. ಕಬ್ಬು ನೆಟ್ಟು ಮೂರು ತಿಂಗಳಿಗೆ ಕಟಾವು ಅಂತ ಬರೆದರೆ ಪಾಂಡವಪುರದಲ್ಲಿ ಒಬ್ಬರೂ ಎರಡನೇ ಸಾಲು ಕೇಳುವುದಿಲ್ಲ. ಬೆಳೆ ಕೈಗೆ ಬರಲು ಹತ್ತಿರ ಹತ್ತಿರ ವರ್ಷ ಬೇಕು. ಆಲೆಮನೆ ಬಗ್ಗೆ ಬರೆಯುವವರು ಕೊಪ್ಪರಿಗೆ, ಅಚ್ಚು, ಒಲೆಗೆ ಹಾಕುವ ಒಣಗಿದ ಸಿಪ್ಪೆ, ಪಾಕದ ಹದ ಇವನ್ನು ಹೋಗಿ ನೋಡಿ ಬರಲಿ. ಹೋಗಿ ನೋಡುವುದಕ್ಕೆ ಅರ್ಧ ದಿನ ಸಾಕು.

ಬೀಟ್‌ಪೆಟ್ಟಿಗೆ:
ಮಾತ್ರೆಗೆ ಮುಂಚೆ ಸಮಯದ ಲೆಕ್ಕ ಗೊತ್ತಿರಲಿ. ಇದಿಲ್ಲದೆ ಬರೆದರೆ ರೆಕಾರ್ಡಿಂಗ್ ಹೊತ್ತಿಗೆ ಸಾಲು ಕತ್ತರಿಸಬೇಕಾಗುತ್ತದೆ.

ನಿಮಿಷಕ್ಕೆ 90 ಪೆಟ್ಟಿನ ಬೀಟ್ ಅಂದರೆ ಒಂದು ಪೆಟ್ಟಿಗೆ 0.67 ಸೆಕೆಂಡು, ನಾಲ್ಕು ಪೆಟ್ಟಿನ ಒಂದು ಬಾರ್‌ಗೆ 2.67 ಸೆಕೆಂಡು. ಹದಿನಾರು ಬಾರ್‌ನ ಒಂದು ಚರಣಕ್ಕೆ ಸುಮಾರು 43 ಸೆಕೆಂಡು. ಒಂದೊಂದು ಪೆಟ್ಟನ್ನೂ ನಾಲ್ಕು ಸೀಳು ಮಾಡಿದರೆ ಬಾರ್‌ಗೆ 16 ಮನೆ ಸಿಗುತ್ತವೆ, ಅಂದರೆ ಸೆಕೆಂಡಿಗೆ 6 ಮನೆ. ಕನ್ನಡ ಒತ್ತಕ್ಷರಗಳು ಈ ವೇಗದಲ್ಲಿ ಸ್ಪಷ್ಟವಾಗಿ ಕೇಳಿಸುತ್ತವೆ.

ಅದೇ 140ರ ಟ್ರ್ಯಾಪ್ ಅಥವಾ ಡ್ರಿಲ್ (ಎರಡೂ ರ‍್ಯಾಪಿನ ಶೈಲಿಗಳು) ಬೀಟಿನಲ್ಲಿ ಬಾರ್ ಬರೀ 1.71 ಸೆಕೆಂಡು. 16 ಮನೆಯನ್ನೂ ತುಂಬಿದರೆ ಸೆಕೆಂಡಿಗೆ ಒಂಬತ್ತಕ್ಕಿಂತ ಜಾಸ್ತಿ. ಆ ಓಟದಲ್ಲಿ ಒತ್ತು, ದೀರ್ಘ ಎರಡೂ ಸವೆದುಹೋಗುತ್ತವೆ. 140ಕ್ಕೆ ಬರೆಯುವಾಗ ಬಾರ್‌ಗೆ 8 ಮನೆ ಇಟ್ಟುಕೊಳ್ಳಿ, ಇಲ್ಲವೇ ಪೆಟ್ಟಿಗೆ ಮೂರರಂತೆ 12. ಎಂಟು ಬಾರ್ ನಿಧಾನಕ್ಕೆ ಹೇಳಿ, ಎರಡೇ ಬಾರ್ 16 ಮನೆ ತುಂಬಿಸಿ ಓಡಿಸಿದರೆ ಆ ಓಟಕ್ಕೆ ಬೆಲೆ. ಶುರುವಿನಿಂದ ಕೊನೆವರೆಗೂ ಓಡಿದರೆ ಕಷ್ಟದ ಹಾಡು ನಾಲಿಗೆಯ ಕಸರತ್ತಾಗುತ್ತದೆ.

ಹೊಸಕಲಿಕೆ:
ಅಣ್ಣ, ಮನೆ ಅಂದರೆ ಒಂದು ಅಕ್ಷರ ಅಂತ ಲೆಕ್ಕವಾ? 16 ಮನೆಗೆ 16 ಅಕ್ಷರ ಬರೆದರೆ ಸರಿಹೋಗುತ್ತಾ?

ಲಘುಗುರು:
ಇಲ್ಲ ತಮ್ಮ, ಎಲ್ಲರೂ ಎಡವುವುದು ಇಲ್ಲೇ. ಮನೆ ಅಂದರೆ ಅಕ್ಷರ ಅಲ್ಲ, ಮಾತ್ರೆ. ಹೈಸ್ಕೂಲಿನ ಛಂದಸ್ಸು ಪಾಠವನ್ನು ಮತ್ತೆ ತೆಗೆಯಿರಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಅನುಸ್ವಾರ ಇರುವ ಅಕ್ಷರ, ಅರ್ಧಾಕ್ಷರದಲ್ಲಿ ನಿಲ್ಲುವ ಅಕ್ಷರ, ಇವೆಲ್ಲ ಗುರು. ಸಾಲಿನ ಕೊನೆಯ ಲಘುವನ್ನು ಎಳೆದು ಗುರು ಮಾಡಿಕೊಳ್ಳಬಹುದು.

ಗುರುವನ್ನು ಒಂದೇ ಮನೆಗೆ ತುರುಕಿದರೆ ಏನಾಗುತ್ತದೆ? ಕನ್ನಡದಲ್ಲಿ ಉದ್ದ ಬದಲಾದರೆ ಪದವೇ ಬದಲಾಗುತ್ತದೆ. ಬಳೆ ಬೇರೆ, ಬಾಳೆ ಬೇರೆ. ಹಳಿ ಬೇರೆ, ಹಳ್ಳಿ ಬೇರೆ. 'ನನ್ನ ಕತೆ' ಅನ್ನುವುದನ್ನು ಬೀಟಿಗೆ ಎಳೆದು ಹೇಳಿದರೆ 'ನನ್ನ ಕತ್ತೆ' ಅಂತ ಕೇಳಿಸುತ್ತದೆ. ಇಂಗ್ಲಿಷಿನ ಹಾಡು ನಿಂತಿರುವುದು ಒತ್ತಿ ಹೇಳುವ ಅಕ್ಷರದ ಮೇಲೆ. ನಮ್ಮದು ನಿಂತಿರುವುದು ಅಕ್ಷರದ ಉದ್ದದ ಮೇಲೆ. ಅವರ ಓಟವನ್ನು ಹಾಗೇ ಎತ್ತಿಕೊಂಡು ಬಂದರೆ ಕನ್ನಡದ ಕಾಲು ಮುರಿಯುತ್ತದೆ.

ಈಗ ಮುಖ್ಯ ವಿಷಯ. ಮಂದಾನಿಲ ರಗಳೆಯ ಸಾಲಿಗೆ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16 ಮಾತ್ರೆ. ಬಾರ್‌ಗೆ 16 ಮನೆ. ಎರಡೂ ಒಂದೇ ಅಳತೆ. ಉತ್ಸಾಹ ರಗಳೆಗೆ ಮೂರು ಮಾತ್ರೆಯ ನಾಲ್ಕು ಗಣ, ಒಟ್ಟು 12. ಪೆಟ್ಟಿಗೆ ಮೂರರಂತೆ ಓಡುವ ಟ್ರಿಪ್ಲೆಟ್‌ಗೂ ಬಾರ್‌ಗೆ 12. ಭಾಮಿನಿ ಷಟ್ಪದಿಯ ಚಿಕ್ಕ ಸಾಲು 3+4+3+4, ಅಂದರೆ 14. ಬಾರ್‌ನಲ್ಲಿ ಎರಡು ಮನೆ ಮಿಗುತ್ತವೆ, ಅದು ಉಸಿರು ತೆಗೆದುಕೊಳ್ಳುವ ಜಾಗ. 90ರ ಬೀಟಿನಲ್ಲಿ ಎರಡು ಮನೆ ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ, ಬಾಯಲ್ಲಿ ಒಂದು ಗುಟುಕು ಗಾಳಿ ಎಳೆಯಲು ಸಾಕು.

ಟ್ರಿಪ್ಲೆಟ್‌ಗೆ ಒಂದು ಮಾದರಿ:

ಕಬ್ಬು ಲಾರಿ ಸಾಲು ಸಾಲು
ಗೇಟಿನಾಚೆ ನಮ್ಮ ಪಾಲು

ಕಬ್ಬು | ಲಾರಿ | ಸಾಲು | ಸಾಲು. ಎಲ್ಲವೂ ಗುರು–ಲಘು, ಮೂರು ಮೂರು. ಗೇಟಿ | ನಾಚೆ | ನಮ್ಮ | ಪಾಲು, ಇದೂ ಅಷ್ಟೇ. ಬಾಯಲ್ಲಿ ಹೇಳಿ ನೋಡಿ, ಬೀಟಿಲ್ಲದೆಯೂ ತೂಗುತ್ತದೆ.

ತಂಬೂರಿತಂತಿ:
ಲಘುಗುರು ಹೇಳಿದ್ದು ಸರಿ. ಇದನ್ನು ಪುಸ್ತಕದಿಂದಲೇ ಕಲಿಯಬೇಕಾಗಿಲ್ಲ. ನಮ್ಮ ಸೀಮೆಯಲ್ಲಿ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರಿದ್ದಾರೆ, ಮಲೆ ಮಾದಪ್ಪನ ಕಥೆ ಹಾಡುವ ಕಂಸಾಳೆಯವರಿದ್ದಾರೆ. ಮುಂದಿನವರು ಕಥೆ ಎತ್ತುತ್ತಾರೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ರ‍್ಯಾಪಿನಲ್ಲಿ ಸಾಲಿನ ಕೊನೆಗೆ ಹಿಂದಿನಿಂದ ಬರುವ ಕೂಗಿಗೂ ಸೊಲ್ಲಿಗೂ ಕೆಲಸ ಒಂದೇ: ಹಾಡುವವನಿಗೆ ಉಸಿರು ಕೊಡುವುದು, ಕೇಳುವವನನ್ನು ಒಳಗೆ ಸೇರಿಸಿಕೊಳ್ಳುವುದು. ಹಿನ್ನೆಲೆ ಕೂಗನ್ನು ಪರಭಾಷೆಯಿಂದ ತರುವ ಬದಲು ಸೊಲ್ಲಿನಂತೆ ಎರಡು ಪದ ಕಟ್ಟಿ, ಎಂಟು ಬಾರ್‌ಗೆ ಒಮ್ಮೆ ತನ್ನಿ. ಬೀಟಿಗೆ ತಮಟೆ ಬೇಕಿದ್ದರೆ ನಿಜವಾದ ತಮಟೆಯನ್ನು, ಬೆಂಕಿಗೆ ಕಾಯಿಸಿದ ಮೇಲೆ, ರೆಕಾರ್ಡ್ ಮಾಡಿ. ಕಾಯಿಸದಿದ್ದರೆ ಚರ್ಮ ಸಡಿಲವಾಗಿ ಪೆಟ್ಟು ಮಂಕಾಗುತ್ತದೆ. ಬಾರಿಸಿದವರಿಗೆ ದುಡ್ಡು ಕೊಡಿ, ಹೆಸರೂ ಹಾಕಿ.

ಹೊಸಕಲಿಕೆ:
ಇನ್ನೊಂದು ಪ್ರಶ್ನೆ. ಮಂಡ್ಯ ಭಾಷೆಯಲ್ಲಿ ಬರೆದರೆ ಜನ ನಗುತ್ತಾರೆ, ಕಾಮಿಡಿ ಅನ್ನಿಸುತ್ತದೆ ಅಂತ ಕೆಲವರು ಹೇಳುತ್ತಾರೆ. ನೋವಿನ ಹಾಡನ್ನು ಶಿಷ್ಟ ಕನ್ನಡದಲ್ಲೇ ಬರೆಯಬೇಕಾ?

ಕಬ್ಬಿನಗರಿ:
ಖಂಡಿತ ಬೇಡ. ಸಿನಿಮಾದಲ್ಲಿ ಈ ಮಾತನ್ನು ಬಹಳ ಕಾಲ ನಗಿಸುವುದಕ್ಕೇ ಬಳಸಿದರು, ಅದು ಬಳಸಿದವರ ತಪ್ಪು. ಊರಲ್ಲಿ ಸಾವಿನ ಮನೆಯಲ್ಲೂ ಇದೇ ಭಾಷೆಯಲ್ಲಿ ಅಳುತ್ತಾರೆ.

ಭಾವನೆಯ ಮಾತು ಹಾಗಿರಲಿ, ಲೆಕ್ಕದಲ್ಲೂ ಲಾಭ ಇದೆ. 'ಬಂದಿದ್ದಾನೆ' ಏಳು ಮಾತ್ರೆ, 'ಬಂದವ್ನೆ' ಐದು. 'ಹೋಗಿದ್ದಾರೆ' ಏಳು, 'ಹೋಗವ್ರೆ' ಐದು. 'ಇಟ್ಟಿದ್ದಾನೆ' ಏಳು, 'ಮಡಗವ್ನೆ' ಐದು. ಒಂದೊಂದು ಕ್ರಿಯಾಪದಕ್ಕೂ ಎರಡು ಮನೆ ಉಳಿಯುತ್ತವೆ. ಹದಿನಾರು ಬಾರ್‌ನಲ್ಲಿ ಹತ್ತು ಕ್ರಿಯಾಪದ ಇದ್ದರೆ 20 ಮನೆ, ಅಂದರೆ ಒಂದು ಬಾರ್‌ಗಿಂತ ಜಾಸ್ತಿ ಜಾಗ. ಅದರಲ್ಲಿ ಇನ್ನೊಂದು ವಸ್ತು ತೋರಿಸಬಹುದು. ಹಕಾರ ಬಿಡುವ ರೂಢಿಯೂ ಉಪಯೋಗಕ್ಕೆ ಬರುತ್ತದೆ. 'ಹ' ಹೇಳಲು ಎದೆಯಿಂದ ಗಾಳಿ ಖರ್ಚಾಗುತ್ತದೆ. 'ಹಳ್ಳಿ ಹೈದ ಹೊತ್ತ ಹೊರೆ' ಅಂತ ಓಡಿಸುವುದಕ್ಕಿಂತ 'ಅಳ್ಳಿ ಐದ ಒತ್ತ ಒರೆ' ಅಂದರೆ ಉಸಿರು ಉಳಿಯುತ್ತದೆ.

ಕೆಡುವುದು ಎಲ್ಲಿ ಅಂದರೆ, ಪೂರ್ತಿ ಪುಸ್ತಕದ ಭಾಷೆಯಲ್ಲಿ ಬರೆದು ಕೊನೆಗೆ ಒಂದೊಂದು 'ಕಣ್ಲಾ' ಅಂಟಿಸಿದಾಗ. 'ನಾನು ಹೋರಾಡುತ್ತಿದ್ದೇನೆ ಕಣ್ಲಾ' ಅಂತ ಯಾರೂ ಮಾತಾಡುವುದಿಲ್ಲ. ಇನ್ನು 'ಲಾ' ಯಾರಿಗೆ ಹೇಳುತ್ತೀರಿ ಅನ್ನುವುದೂ ಮುಖ್ಯ. ಸಮವಯಸ್ಕ ಗೆಳೆಯನಿಗೆ, ಚಿಕ್ಕವನಿಗೆ ಸರಿ. ಅಪ್ಪನ ಜೊತೆ ಮಾತಾಡುವ ಸಾಲಿನಲ್ಲಿ ಅದು ಬಂದರೆ ಪಾತ್ರವೇ ಕೆಡುತ್ತದೆ.

ಮೊಹಲ್ಲಾಮಾತು:
ಮೈಸೂರಿಗೂ ಇದೇ ಮಾತು ಅನ್ವಯ. ಮಂಡಿ ಮೊಹಲ್ಲಾದಲ್ಲಿ, ಲಷ್ಕರ್ ಮೊಹಲ್ಲಾದಲ್ಲಿ ಕನ್ನಡ, ದಖನಿ ಉರ್ದು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಎರಡನ್ನೂ ಬೆರೆಸಿ ಬರೆಯುವವರು ಭಾಷೆ ಬದಲಿಸುವ ಜಾಗವನ್ನು ಯೋಚಿಸಿ ಆರಿಸಲಿ. ಮಾತು ಯಾರ ಕಡೆ ತಿರುಗಿತೋ ಅಲ್ಲಿ ಭಾಷೆ ತಿರುಗಬೇಕು. ಅಂಗಡಿಯವರ ಜೊತೆ ಒಂದು, ಅಮ್ಮನ ಜೊತೆ ಒಂದು. ಪ್ರಾಸ ಸಿಗಲಿಲ್ಲ ಅಂತ ಸಾಲಿನ ಕೊನೆಗೆ ಹಿಂದಿ ಪದ ತಂದರೆ ಅದು ಗೊತ್ತಾಗಿಬಿಡುತ್ತದೆ.

'ಗಲ್ಲಿ' ಬಗ್ಗೆಯೂ ಹೇಳಬೇಕು. ಮುಂಬಯಿಯ ಹಾಡುಗಳು 2015ರ ಸುಮಾರಿಗೆ ದೇಶದ ತುಂಬ ಹರಡಿದವು, ಆ ಪದವೂ ಜೊತೆಗೆ ಬಂತು. ಅವರಿಗದು ಅವರ ಮನೆಯ ವಿಳಾಸ. ನಮ್ಮಲ್ಲಿ ಮೊಹಲ್ಲಾ ಇದೆ, ಅಡ್ಡರಸ್ತೆ ಇದೆ, ಕ್ರಾಸ್ ಇದೆ, ಅಗ್ರಹಾರ ಇದೆ, ಹಳ್ಳಿಯಲ್ಲಿ ಬೀದಿ ಇದೆ, ಕೇರಿ ಇದೆ. 'ಕೇರಿ' ಅಂದ ಕೂಡಲೇ ಯಾರ ಕೇರಿ ಅನ್ನುವ ಪ್ರಶ್ನೆ ಎದ್ದು ನಿಲ್ಲುತ್ತದೆ. ಆ ಪ್ರಶ್ನೆಯನ್ನು ತಪ್ಪಿಸಿಕೊಂಡು ನಮ್ಮ ಸೀಮೆಯ ಬೀದಿಯ ಬಗ್ಗೆ ಬರೆಯಲು ಆಗುವುದಿಲ್ಲ.

ಊದಿನಕಡ್ಡಿ:
ಬೀದಿ ಅಂದ ಕೂಡಲೇ ರಾತ್ರಿ ಹನ್ನೊಂದರ ಬೈಕು, ಸಿಗರೇಟು, ಲಾಂಗು. ಬೆಳಗಿನ ಜಾವ ಐದೂವರೆಯ ಬೀದಿ ಯಾರದು? ಪೌರಕಾರ್ಮಿಕರದು, ಹೂವಿನ ಮಾರುಕಟ್ಟೆಗೆ ಮೂಟೆ ತರುವವರದು, ಗಾರ್ಮೆಂಟ್ಸ್ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳದು. ಆ ಬೀದಿ ಹಾಡುಗಳಲ್ಲಿ ಇಲ್ಲವೇ ಇಲ್ಲ. ಅಮ್ಮ ಬರುತ್ತಾಳೆ, ಆದರೆ ಅಳುವುದಕ್ಕಷ್ಟೇ. ಅವಳು ದುಡಿಯುವುದನ್ನು ತೋರಿಸಿ. ಮೈಸೂರಿನಲ್ಲಿ ಮನೆಯಲ್ಲೇ ಕೂತು ಊದಿನಕಡ್ಡಿ ಹೊಸೆಯುವವರಿಗೆ ಕೂಲಿ ಸಾವಿರ ಕಡ್ಡಿಗೆ ಇಷ್ಟು ಅಂತ, ಬೀಡಿಗೂ ಹಾಗೇ. ಸಾವಿರ ಅನ್ನುವ ಪದ ಅವರಿಗೆ ಸಾಮಾನ್ಯ ಅಳತೆ. ಗಾರ್ಮೆಂಟ್ಸಿನಲ್ಲಿ ಲೈನು, ಬ್ಯಾಚು, ಟೈಲರು, ಹೆಲ್ಪರು, ಗಂಟೆಗಿಷ್ಟು ಟಾರ್ಗೆಟ್ಟು. ಈ ಪದಗಳೇ ಲಯದಲ್ಲಿವೆ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ದುಡ್ಡು ತೆಗೆಯುವ ನಿಯಮ ಬದಲಾಯಿತು ಅಂತ ಬೆಂಗಳೂರಿನಲ್ಲಿ ರಸ್ತೆಗಿಳಿದವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಸರ್ಕಾರ ಆ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಬೀದಿಯ ಛಲಕ್ಕೆ ಇದಕ್ಕಿಂತ ದೊಡ್ಡ ವಸ್ತು ಬೇಕಾ?

ಲಘುಗುರು:
ಅಕ್ಕ, ನೀವು ಹೇಳಿದ ಬಸ್ಸಿನ ಬೀದಿಯನ್ನೇ ಮಾದರಿಗೆ ತೆಗೆದುಕೊಳ್ಳುತ್ತೇನೆ. 90ರ ಬೀಟು, 16 ಮಾತ್ರೆ:

ಐದೂವರೆಗೇ ಊರಿಗೆ ಬಸ್ಸು
ಬೀದಿಯ ದೀಪದ ಕೆಳಗಡೆ ಉಸ್ಸು
ಡಬ್ಬಿಯ ಮುದ್ದೆಗೆ ನೆನ್ನೆಯ ಸಾರು
ಕಬ್ಬಿನ ದುಡ್ಡಿಗೆ ತಿಂಗಳು ಆರು

ಗಣ ಬಿಡಿಸಿ ನೋಡಿ: ಡಬ್ಬಿಯ | ಮುದ್ದೆಗೆ | ನೆನ್ನೆಯ | ಸಾರು. ನಾಲ್ಕು, ನಾಲ್ಕು, ನಾಲ್ಕು, ಕೊನೆಯದು ಮೂರು, ಎಳೆದರೆ ನಾಲ್ಕು. ಬಾರ್‌ನ ಎರಡನೇ, ನಾಲ್ಕನೇ ಪೆಟ್ಟಿಗೆ ಸ್ನೇರ್, ಅಂದರೆ ಡ್ರಮ್ಮಿನ ಚಟ್ ಅನ್ನುವ ಏಟು, ಬೀಳುತ್ತದೆ. ಎರಡನೇ, ನಾಲ್ಕನೇ ಗಣ ಶುರುವಾಗುವುದೂ ಅಲ್ಲೇ. ಅಂದರೆ ಮೂರನೇ ಸಾಲಿನಲ್ಲಿ ಸ್ನೇರ್ ಬೀಳುವುದು 'ಮುದ್ದೆ', 'ಸಾರು' ಮೇಲೆ, ನಾಲ್ಕನೆಯದರಲ್ಲಿ 'ದುಡ್ಡು', 'ಆರು' ಮೇಲೆ. ತೂಕದ ಪದ ಆ ಜಾಗಕ್ಕೇ ಬರುವಂತೆ ಕಟ್ಟಬೇಕು. 140ರ ಬೀಟಿಗೆ ಈ ಲೆಕ್ಕ ಬದಲಾಗುತ್ತದೆ. ಅಲ್ಲಿ ಸಾಮಾನ್ಯವಾಗಿ ಸ್ನೇರ್ ಮೂರನೇ ಪೆಟ್ಟಿಗೆ.

ಪ್ರಾಸದ ಬಗ್ಗೆ ಎರಡು ಮಾತು. ಕನ್ನಡದಲ್ಲಿ ವಾಕ್ಯ ಮುಗಿಯುವುದು ಕ್ರಿಯಾಪದದಲ್ಲಿ. ಅದಕ್ಕೇ ಎಲ್ಲರ ಸಾಲೂ '-ತೀನಿ', '-ತೀನಿ' ಅಂತ ಮುಗಿಯುತ್ತದೆ. ಅದು ಪ್ರತ್ಯಯ ಮಾತ್ರ, ಯಾವ ಧಾತುವಿಗೆ ಬೇಕಾದರೂ ಅಂಟುತ್ತದೆ, ಪ್ರಾಸದ ಶ್ರಮ ಅದರಲ್ಲಿಲ್ಲ. ಮೊದಲ ಉದಾಹರಣೆಯಲ್ಲಿ 'ನಿಲ್ತೀನಿ–ಗೆಲ್ತೀನಿ' ಪರವಾಗಿಲ್ಲ, ಧಾತುವಿನಲ್ಲೂ 'ಲ್' ಕೂಡಿದೆ. 'ಬರ್ತೀನಿ–ಒರೆಸ್ತೀನಿ' ಬರೀ ಬಾಲ. ದಾರಿ ಎರಡಿವೆ: ಕ್ರಿಯಾಪದ ಬಿಟ್ಟು ನಾಮಪದದಲ್ಲಿ ನಿಲ್ಲಿಸಿ, ಬಸ್ಸು–ಉಸ್ಸು, ಸಾರು–ಆರು ಥರ. ಇಲ್ಲವೇ ನಮ್ಮ ಹಳೆಯ ಆದಿಪ್ರಾಸ ಹಿಡಿಯಿರಿ, ಸಾಲಿನ ಎರಡನೇ ಅಕ್ಷರ ಕೂಡಬೇಕು: ಡಬ್ಬಿ–ಕಬ್ಬಿ, ಐದೂ–ಬೀದಿ. ಎರಡೂ ಒಟ್ಟಿಗೆ ಸಿಕ್ಕರೆ ಸಾಲು ಬೀಗ ಹಾಕಿದ ಹಾಗೆ ಕೂರುತ್ತದೆ. ಹದಿನಾರೂ ಬಾರ್‌ಗೆ ಹಾಗೇ ಮಾಡಬೇಡಿ, ಕಿವಿಗೆ ಶಾಲೆಯ ಪದ್ಯ ಅನ್ನಿಸುತ್ತದೆ. ನಾಲ್ಕಾರು ಜೋಡಿಗೆ ಸಾಕು.

ಹೊಸಕಲಿಕೆ:
ಇದನ್ನು ಅಭ್ಯಾಸ ಮಾಡುವುದು ಹೇಗೆ ಅಂತ ಹಂತ ಹಂತವಾಗಿ ಹೇಳ್ತೀರಾ?

ಬೀಟ್‌ಪೆಟ್ಟಿಗೆ:
ಗಣಿತದ ಚೌಕಳಿ ಪುಸ್ತಕ ತೆಗೆದುಕೊಳ್ಳಿ. ಒಂದು ಸಾಲಿಗೆ 16 ಚೌಕ, ನಾಲ್ಕು ನಾಲ್ಕಕ್ಕೆ ದಪ್ಪ ಗೆರೆ. ಲಘುವಿಗೆ ಒಂದು ಚೌಕ, ಗುರುವಿಗೆ ಎರಡು ಚೌಕಕ್ಕೆ ಗೆರೆ ಎಳೆಯಿರಿ. 5ನೇ ಮತ್ತು 13ನೇ ಚೌಕಕ್ಕೆ ಕೆಂಪು ಬಣ್ಣ, ಅದು ಸ್ನೇರ್. ಬೀಟ್ ಹಾಕದೆ ತೊಡೆ ಮೇಲೆ ತಾಳ ಹಾಕಿ 70ರ ವೇಗದಲ್ಲಿ ಹೇಳಿ, ಸರಿಯಾದರೆ 80, ಆಮೇಲೆ 90. ತಡವರಿಸುವ ಕಡೆ ಚೌಕ ನೋಡಿದರೆ ಮಾತ್ರೆ ಹೆಚ್ಚೋ ಕಡಿಮೆಯೋ ಕಾಣಿಸುತ್ತದೆ. ಉಸಿರಿನ ಜಾಗಕ್ಕೆ ಎರಡು ಬಾರ್‌ಗೊಮ್ಮೆಯಾದರೂ ಎರಡು ಖಾಲಿ ಚೌಕ ಇರಲಿ.

ರೆಕಾರ್ಡ್ ಮಾಡುವಾಗ ಮೈಕಿಗೂ ಬಾಯಿಗೂ ಒಂದು ಗೇಣು ದೂರ, ಮೈಕು ಸ್ವಲ್ಪ ಓರೆಗೆ. ನೇರ ಇಟ್ಟರೆ ಪ, ಬ, ಭ ಬಂದಾಗ ಗಾಳಿ ಹೊಡೆದು ಢಂ ಅನ್ನುತ್ತದೆ. ಮೀಟರಿನ ತುದಿ ಮೈನಸ್ 6 ಡೆಸಿಬಲ್ ದಾಟದಿರಲಿ. ಗೋಡೆ ಬರಿದಾಗಿದ್ದರೆ ಹಿಂದೆ ದಪ್ಪ ಕಂಬಳಿ ತೂಗುಹಾಕಿ. ಒತ್ತಕ್ಷರ ಕೇಳಿಸದಿದ್ದರೆ ಮಿಕ್ಸಿಂಗಿನಲ್ಲಿ ಸರಿಮಾಡಲು ಹೋಗಬೇಡಿ, ಮತ್ತೆ ಹೇಳಿ.

ಮೊಹಲ್ಲಾಮಾತು:
ಬೀದಿಯ ವಿಷಯಕ್ಕೆ ವಾಪಸ್ ಬರ್ತೀನಿ, ಯಾಕೆಂದರೆ ರ‍್ಯಾಪಿನ ತಾಯಿಬೇರಾದ ಹಿಪ್ ಹಾಪ್ ಹುಟ್ಟಿದ್ದೇ ಒಂದು ರಸ್ತೆ ಸೀಳಿದ ಊರಿನಲ್ಲಿ. ನ್ಯೂಯಾರ್ಕಿನ ಬ್ರಾಂಕ್ಸ್ ನಡುವೆ 1948ರಿಂದ 1972ರ ತನಕ ಎಕ್ಸ್‌ಪ್ರೆಸ್‌ವೇ ಕಟ್ಟಿದರು, ಸಾವಿರಾರು ಮನೆ ಎದ್ದುಹೋದವು. 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ಪಾರ್ಟಿ ಮಾಡಿದ, ಹಿಪ್ ಹಾಪ್ ಶುರುವಾದ ಜಾಗ ಅನ್ನುವ ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡ ಇರುವುದು ಅದೇ ಬ್ರಾಂಕ್ಸಿನಲ್ಲಿ. ಶುರುವಿನ ಹಾಡುಗಳು ಹೆಚ್ಚಾಗಿ ಕುಣಿತದವು. 1982ರಲ್ಲಿ 'ದಿ ಮೆಸೇಜ್' ಅನ್ನುವ ಹಾಡು ಬಂದ ಮೇಲೆ ಸುತ್ತಲಿನ ಬಡತನವೇ ಹಾಡಿನ ವಸ್ತುವಾಗುವುದು ಗಟ್ಟಿಯಾಯಿತು. ಅದು ಕೆಲಸ ಮಾಡಿದ್ದು ಒಡೆದ ಗಾಜು, ಇಲಿ, ಬಾಕಿ ಸಾಲ ಇಂಥವನ್ನು ಹೆಸರಿಸಿದ್ದರಿಂದ.

ಈಗ ನಮ್ಮ ರಸ್ತೆ ನೋಡಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಬೈಪಾಸ್ ಮಾಡಿ ಹೋಗುತ್ತದೆ. ಹಳೇ ರಸ್ತೆಯ ವಡೆ, ಎಳನೀರು, ಗೊಂಬೆ ಅಂಗಡಿಗಳ ವ್ಯಾಪಾರಕ್ಕೆ ಪೆಟ್ಟು ಬಿತ್ತು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ, ಅವೆಲ್ಲ ಸರ್ವೀಸ್ ರಸ್ತೆಗೆ. ಹೀಗಿರುವಾಗ 'ಹೈವೇಲಿ ನನ್ನ ಬೈಕು ನೂರಿಪ್ಪತ್ತು' ಅಂತ ಬರೆದರೆ ವಾಸ್ತವವೂ ತಪ್ಪು, ಕೈಗೆ ಸಿಕ್ಕ ಹಾಡೂ ತಪ್ಪಿಹೋಯಿತು. ಸರ್ವೀಸ್ ರಸ್ತೆಯಲ್ಲಿ ಹೋಗುವ ಕಬ್ಬಿನ ಟ್ರ್ಯಾಕ್ಟರು, ಪಕ್ಕದಲ್ಲಿ ಬೇಲಿಯಾಚೆ ಓಡುವ ಕಾರು, ನಮ್ಮ ಜಿಲ್ಲೆಯ ಆಸೆ ಮತ್ತು ಸಂಕಟ ಎರಡೂ ಆ ಒಂದು ಚಿತ್ರದಲ್ಲಿವೆ.

ಕಬ್ಬಿನಗರಿ:
ಮೊಹಲ್ಲಾಮಾತು, ಸರ್ವೀಸ್ ರಸ್ತೆಯ ಚಿತ್ರ ಯಾರಾದರೂ ಬೇಗ ಹಾಡಿಗೆ ತರಬೇಕು ಗುರು.

ಊದಿನಕಡ್ಡಿ:
ಲಾಂಗು, ಮಚ್ಚು, ಗಾಂಜಾ ಬಗ್ಗೆಯೂ ನೇರವಾಗಿ ಮಾತಾಡೋಣ. ಇವು ನಮ್ಮ ಬೀದಿಯಲ್ಲಿ ಇಲ್ಲ ಅಂತ ಅಲ್ಲ. ಇದ್ದರೆ ಬರೆಯಿರಿ, ಆದರೆ ಆಮೇಲೇನಾಯಿತು ಅನ್ನುವುದನ್ನೂ ಬರೆಯಿರಿ: ಕೋರ್ಟಿಗೆ ಅಲೆಯುವ ವಾಯಿದೆ ದಿನಗಳು, ಜಾಮೀನಿಗೆ ಅಡವಿಟ್ಟ ಓಲೆ. ಆಯುಧದ ಹೆಸರು ಹೇಳಿ ನಿಲ್ಲಿಸಿದರೆ ಅದು ಜಾಹೀರಾತು. ಬದುಕಿರುವ ರೌಡಿಯ ಹೆಸರು, ನಿಜವಾದ ಜಗಳದ ಜಾಗ, ದಿನಾಂಕ ಹಾಕಲೇಬೇಡಿ. ಲಂಡನ್ನಿನಲ್ಲಿ 2019ರಲ್ಲಿ ಇಬ್ಬರು ಡ್ರಿಲ್ ಹಾಡುಗಾರರಿಗೆ ತಡೆಯಾಜ್ಞೆ ಮೀರಿ ಹಾಡಿದ್ದಕ್ಕೇ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆಯಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಾಡಿನ ಸಾಲನ್ನು ಅಪರಾಧದ ಸಾಕ್ಷಿಯಾಗಿ ಬಳಸುವುದಕ್ಕೆ ಮಿತಿ ಹಾಕಿ 2022ರಲ್ಲಿ ಕಾನೂನೇ ತರಬೇಕಾಯಿತು. ನಮ್ಮಲ್ಲಿ ಅಂಥ ರಕ್ಷಣೆಯ ಕಾನೂನಿಲ್ಲ. ಸಾರ್ವಜನಿಕ ಜಾಗದಲ್ಲಿ ಅಶ್ಲೀಲ ಹಾಡು ಹಾಡಿ ಬೇರೆಯವರಿಗೆ ಕಿರಿಕಿರಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಇದೆ. ಬಯಲಲ್ಲಿ ಸೇರಿ ಹಾಡುವವರು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅನ್ನುವುದನ್ನೂ ನೆನಪಿಡಿ.

ಇನ್ನೊಂದು, ಇದಕ್ಕೆ ರಿಯಾಯಿತಿ ಇಲ್ಲ. ನಮ್ಮ ಕಡೆ ಬಾಯಿಗೆ ಬರುವ ಎಷ್ಟೋ ಬೈಗುಳ ಜಾತಿಯ ಹೆಸರುಗಳು, ಮಿಕ್ಕವು ತಾಯಿ, ತಂಗಿಯ ಮೇಲಿನವು. 'ಬೀದಿ ಭಾಷೆ ಅದೇ ತಾನೇ' ಅನ್ನುವ ಸಮಜಾಯಿಷಿ ಬೇಡ. ಆ ಪದ ಕೇಳಿಕೊಂಡು ಬೆಳೆದವರೂ ಅದೇ ಬೀದಿಯಲ್ಲಿದ್ದಾರೆ, ಅವರೂ ನಿಮ್ಮ ಹಾಡು ಕೇಳುತ್ತಾರೆ.

ತಂಬೂರಿತಂತಿ:
ಅಕ್ಕ ಹೇಳಿದ್ದಕ್ಕೆ ನನ್ನ ಸಹಮತ ಪೂರ್ತಿ ಇದೆ.

ಹೊಸಕಲಿಕೆ:
ಛಲದ ಬಗ್ಗೆ ಯಾರೂ ಹೇಳಲಿಲ್ಲ. 'ಗೆಲ್ತೀನಿ' ಅಂತ ಹೇಳದೆ ಛಲ ತೋರಿಸುವುದು ಹೇಗೆ?

ಕಬ್ಬಿನಗರಿ:
ಕಷ್ಟಕ್ಕೆ ಹೇಳಿದ ಕ್ರಮವೇ ಇದಕ್ಕೂ. ಎಣಿಸಬಹುದಾದ ಆಸೆ ಬರೆಯಿರಿ. 'ಜಗತ್ತು ಗೆಲ್ಲುವುದು' ಎಣಿಕೆಗೆ ಸಿಗುವುದಿಲ್ಲ. ತಂಗಿಯ ಫೀಸಿನ ಕೊನೇ ಕಂತು, ಅಡವಿಟ್ಟ ಗದ್ದೆ ಬಿಡಿಸುವುದು, ಮಾನಸಗಂಗೋತ್ರಿಯ ಬಯಲು ರಂಗಮಂದಿರದ ವೇದಿಕೆ ಮೇಲೆ ಆರು ನಿಮಿಷ, ಇವು ಸಿಗುತ್ತವೆ. ಅಮೆರಿಕದ ರ‍್ಯಾಪರ್ ನಟೋರಿಯಸ್ ಬಿ.ಐ.ಜಿ. ಹಾಡಿದ 1994ರ 'ಜ್ಯೂಸಿ' ಇವತ್ತಿಗೂ ನಿಂತಿರುವುದು ಹಿಂದಿನ ಬಡತನವನ್ನೂ ಈಗಿನ ಸುಖವನ್ನೂ ಒಂದೇ ಉಸಿರಿನಲ್ಲಿ, ವಸ್ತುಗಳ ಹೆಸರಿನಲ್ಲೇ ಹೇಳಿದ್ದಕ್ಕೆ. ಇನ್ನೂ ಕೈಗೆ ಬಾರದ ಚಿನ್ನದ ಸರ, ಬಾಡಿಗೆ ಕಾರು ತೋರಿಸಿದರೆ ಊರಿನವರಿಗೆ ಗೊತ್ತಾಗುತ್ತದೆ. ಪೈಪೋಟಿಯ ಹಾಡಿನಲ್ಲಿ ಜಂಬ ಕೊಚ್ಚುವುದು ಬೇರೆ, ಅದು ಆ ಆಟದ ನಿಯಮ. ಬದುಕಿನ ಹಾಡಿಗೆ ಅದನ್ನು ತರಬೇಡಿ.

ಬೀಟ್‌ಪೆಟ್ಟಿಗೆ:
ಚಿಕ್ಕದೊಂದು ವಿಷಯ, ಮರೆಯುವ ಮುಂಚೆ. ಇಂಟರ್ನೆಟ್ಟಿನಲ್ಲಿ 'ಫ್ರೀ ಬೀಟ್' ಅಂತ ಇರುವುದು ಬಹುಪಾಲು ದುಡ್ಡು ಮಾಡದ ಬಳಕೆಗೆ ಮಾತ್ರ. ಹಾಡು ಓಡಿದ ಮೇಲೆ ಬೀಟ್ ಮಾಡಿದವರ ಹಕ್ಕುಸ್ವಾಮ್ಯದ ಕ್ಲೇಮ್ ಬಂದು ಆದಾಯ ಪೂರ್ತಿ ಬೇರೆಯವರಿಗೆ ಹೋಗಬಹುದು. ದುಡ್ಡು ಕೊಟ್ಟು ಬೀಟನ್ನು ಲೀಸಿಗೆ ತೆಗೆದುಕೊಂಡರೆ ಎಷ್ಟು ಸಲ ಕೇಳುವವರೆಗೆ ಅನ್ನುವ ಮಿತಿ ಓದಿ, ರಸೀದಿ ಇಟ್ಟುಕೊಳ್ಳಿ. ಸಾಹಿತ್ಯ ಬರೆದವರಿಗೆ ರಾಯಧನದ ಹಕ್ಕನ್ನು 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಗಟ್ಟಿ ಮಾಡಿದೆ. ಬರೆದವರು ಐಪಿಆರ್‌ಎಸ್ (ಹಾಡಿನ ರಾಯಧನ ವಸೂಲಿ ಮಾಡಿಕೊಡುವ ಸಂಸ್ಥೆ) ಸದಸ್ಯರಾಗಬಹುದು.

ಊದಿನಕಡ್ಡಿ:
ಲಘುಗುರು ಬರೆದ ನಾಲ್ಕು ಸಾಲಿಗೆ ಮುಂದಿನ ನಾಲ್ಕು. ತಪ್ಪಿದ್ದರೆ ತಿದ್ದಿ:

ಅಂಗಿಯ ಹೊಲಿಯುತ ತಾಳವ ಹಾಕಿ
ತಂಗಿಯ ಫೀಸಿನ ಕಂತಿದೆ ಬಾಕಿ
ಸಂತೆಯ ದಿವಸಾ ನೋಡಿದ್ಲು ನಿಂತು
ಸ್ವಂತದ ಮಿಷನಿಗೆ ಹತ್ತೇ ಕಂತು

ಲಘುಗುರು:
ಅಕ್ಕ, ಅಂಗಿ–ತಂಗಿ, ಸಂತೆ–ಸ್ವಂತ, ಬಹಳ ಚೆನ್ನಾಗಿ ಕೂತಿವೆ. ಎರಡೇ ತಿದ್ದುಪಡಿ. ಮೊದಲ ಸಾಲಿನಲ್ಲಿ ಮಾತ್ರೆ ಸರಿ, ಭಾಷೆ ಹಳೆಯದು: 'ಹೊಲಿಯುತ', 'ತಾಳವ' ಅಂತ ಲೈನಿನಲ್ಲಿ ಕೂತವರು ಹೇಳುವುದಿಲ್ಲ. 'ಅಂಗಿಯ ಹೊಲಿಗೆಗೆ ತಾಳಾನ್ ಹಾಕಿ' ಅಂದರೆ ಅದೇ 16, ಆಡುವ ಮಾತು. ಮೂರನೇ ಸಾಲಿನಲ್ಲಿ 'ನೋಡಿದ್ಲು' ಐದು ಮಾತ್ರೆ, 'ದ್ಲು' ಒತ್ತು ಬಂದು 'ಡಿ' ಗುರುವಾಯಿತು. ನಾಲ್ಕನೇ ಪೆಟ್ಟಿಗೆ 'ನಿಂತು' ಒಂದು ಮನೆ ತಡವಾಗಿ ಬರುತ್ತದೆ.

ಊದಿನಕಡ್ಡಿ:
'ನೋಡ್ತಾ ನಿಂತು' ಮಾಡಿದರೆ?

ಸಂತೆಯ ದಿವಸಾ ನೋಡ್ತಾ ನಿಂತು
ಸ್ವಂತದ ಮಿಷನಿಗೆ ಹತ್ತೇ ಕಂತು

ಲಘುಗುರು:
ಈಗ ನಾಲ್ಕು ನಾಲ್ಕು ಸರಿ ಬಂತು. ಸ್ನೇರ್ 'ಮಿಷನಿಗೆ' ಮೇಲೆ ಒಂದು, 'ಕಂತು' ಮೇಲೆ ಒಂದು ಬೀಳುತ್ತದೆ. ಇದನ್ನು ಹೀಗೇ ಮಡಗಿ ಅಕ್ಕ.